ತುಂಬಿಸಿಕೊಂಡ ಗಲ್ಲ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀರೆ ತೋರಿಸುತ್ತಿದ್ದೇನೆ. ಬಣ್ಣ ಹೇಗೆ ಒಪ್ಪುತ್ತದೆಂದು ಗಿರಾಕಿಗೆ ತಿಳಿಯಲಿ ಅಂತ ಸೆರಗನ್ನು ನನ್ನ ಹೆಗಲಿಗೇ ಹಾಕಿಕೊಂಡು ನಿಲ್ಲುತ್ತೇನೆ. ಹೋದ ವರ್ಷ ಹುನಗುಂದದ ಹೆಣ್ಣುಮಗಳೊಬ್ಬಳು ಹಾಗೆ ನಿಂತವನನ್ನು ನೋಡಿ, “ಸೀರಿ ಚಲೋ ಐತ್ರಿ, ನಿಮ್ಮ ಮಾರೀನ ಬಾಡಿಧಂಗ ಕಾಣತೈತಿ” ಎಂದಳು. ದವಡೆ ಹಲ್ಲು ಹೋಗಿ ನನ್ನ ಗಲ್ಲ ಒಳಗಿಳಿದಿದ್ದು ಸುಳ್ಳಲ್ಲ. ಆದರೆ ಐವತ್ತೈದರ ಈ ರಾಚಪ್ಪನಿಗೆ ಆ ಮಾತು ಅಷ್ಟು ನಾಟಬಾರದಿತ್ತು.

ಬಾಗಲಕೋಟೆಯ ಲಾಡ್ಜಿಗೆ ಒಬ್ಬಾಕೆ ಬರುತ್ತಾಳೆ, ಸೂಜಿ ಚುಚ್ಚಿ ಗಲ್ಲ ತುಂಬುತ್ತಾಳೆ ಎಂದು ಕೇಳಿ, ಹೆಂಡತಿ ಗುರುಲಿಂಗವ್ವನಿಗೆ ಸುಳ್ಳು ಹೇಳಿ ಹೋದೆ. ನೂಲು ಮುಟ್ಟಿಯೇ ರೇಷ್ಮೆ ಅಸಲೋ ನಕಲಿಯೋ ಎಂದು ಹೇಳಬಲ್ಲ ನಾನು, ಚೀಟಿಯಿಲ್ಲದ ಬಾಟಲಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಎರಡೂ ಗಲ್ಲ ತುಂಬಿದ ಮೇಲೆ ಬಾಟಲಿಯಲ್ಲಿ ಸ್ವಲ್ಪ ಉಳಿಯಿತು. ಸೀರೆಯ ಮೇಲೊಂದು ಕುಪ್ಪಸದ ಖಣ ಬಿಟ್ಟಿ ಕೊಡಿ ಎಂದು ಗಿರಾಕಿಗಳು ದಿನಾ ನನ್ನ ಜೀವ ತಿನ್ನುತ್ತಾರಲ್ಲ, ಆ ಚಟ ನನಗೂ ಅಂಟಿತ್ತು.

“ಉಳಿದದ್ದೂ ಹಾಕಿಬಿಡ್ರಿ, ಯಾಕ ಚೆಲ್ಲತೀರಿ?” ಎಂದೆ. ಆಕೆ ಅಷ್ಟನ್ನೂ ಬಲಗಲ್ಲಕ್ಕೆ ಚುಚ್ಚಿದಳು.

ಮೂರು ತಿಂಗಳು ಮದುಮಗನಂತೆ ತಿರುಗಾಡಿದೆ. ನಾಲ್ಕನೆಯ ತಿಂಗಳು ಗಲ್ಲ ಕೆಂಪೇರಿ, ಒಳಗೆ ಗೋಲಿಯಂಥ ಗಂಟುಗಳೆದ್ದು, ಜ್ವರ ಬಂತು. ಹಲ್ಲುನೋವೆಂದುಕೊಂಡು ಗುರುಲಿಂಗವ್ವ ಲವಂಗ ಕೊಟ್ಟಳು. ಲವಂಗ ಮುಗಿದ ದಿನ ನಿಜ ಹೇಳಿದೆ. ಆಕೆ ಬೈಯಲಿಲ್ಲ, ಚೀಲ ಹಿಡಿದು, ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಬಸ್ ನಿಲ್ದಾಣದ ದಾರಿ ಹಿಡಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ನಿಖತ್ ನನ್ನ ಬಾಯೊಳಗೆ ಬೆರಳಿಟ್ಟು ನೋಡಿ, ಅದು ಸಿಲಿಕೋನ್ ಎಂದರು. ಮಾಂಸದಲ್ಲಿ ಬೆರೆತುಹೋಗಿದೆ, ಸೂಜಿಯಲ್ಲಿ ಎಳೆದರೆ ಬರುವುದಿಲ್ಲ, ಬಾಯಿ ಒಳಗಿಂದ ಕೊಯ್ದು ಗಂಟು ತೆಗೆಯಬೇಕು. ಇದ್ದದ್ದೆಲ್ಲ ತೆಗೆದುಬಿಡಿ ಎಂದು ನಾನು ಹಟ ಹಿಡಿದೆ.

“ಎಲ್ಲಾ ಕೆರೆದು ತಗದ್ರ ಬಲಗಡೆ ನರ ಹೋಗ್ತೈತ್ರಿ ಕಾಕಾ,” ಎಂದರು ಡಾಕ್ಟರು. “ಆಮ್ಯಾಲೆ ನಗಾಕ ಬರೂದಿಲ್ಲ. ಗಂಟಷ್ಟ ತಗೀತೇನಿ, ಉಳಿದದ್ದು ಒಳಗ ಇರ್ಲಿ.”

ನಗದ ಮುಖದ ಮುಂದೆ ಕೂತು ಯಾರು ಸೀರೆ ಕೊಳ್ಳುತ್ತಾರೆ? ಒಪ್ಪಿಕೊಂಡೆ.

ಎಚ್ಚರವಾದಾಗ ಮುಖ ಕುಂಬಳಕಾಯಿಯಾಗಿತ್ತು, ಗಲ್ಲದಿಂದ ಸಣ್ಣ ನಳಿಕೆಯೊಂದು ಜೋತಾಡುತ್ತಿತ್ತು. ರೊಟ್ಟಿ ಬಂದ್, ಬರೀ ತೆಳ್ಳನೆಯ ಗಂಜಿ. ಬಾವು ಇಳಿದರೂ ಬಲತುಟಿ ಮೇಲೇಳಲಿಲ್ಲ. ನರಕ್ಕೆ ಪೆಟ್ಟಾಗಿದೆ, ಬರಬಹುದು, ಬರುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಈ, ಊ ಎನ್ನುತ್ತ ತುಟಿ ಎಳೆಯುವುದು ನನ್ನ ಸಾಲಿಯ ಪಾಠವಾಯಿತು. ಗುರುಲಿಂಗವ್ವ ಮಾಸ್ತರರಂತೆ ಪಕ್ಕದಲ್ಲಿ ನಿಂತು, ಇವತ್ತು ರಾಗಿಕಾಳಿನಷ್ಟು, ಇವತ್ತು ಜೋಳದಷ್ಟು ಎಂದು ಅಳೆಯುವಳು. ಚಹಾ ಕುಡಿದರೆ ಅರ್ಧ ಅಂಗಿಯ ಪಾಲು.

ಏಳನೆಯ ವಾರ ಕಪ್ಪಿನ ಕೆಳಗಿನ ಬಸಿಯಲ್ಲಿ ಚಹಾ ಕುಡಿದು ಕೆಳಗಿಟ್ಟೆ. ಅಂಗಿ ಒಣಗಿಯೇ ಇತ್ತು. ಇಬ್ಬರೂ ಅಂಗಿಯನ್ನೇ ನೋಡಿದೆವು. ನನಗೆ ನಗು ಬಂತು. ಎಡತುಟಿ ಮೊದಲು ಎದ್ದಿತು. ಬಲತುಟಿ ತಡವಾಗಿ, ಸೊಟ್ಟಗೆ, ಆದರೂ ಎದ್ದಿತು.

ಗುರುಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸಾಕ ಬಿಡ್ರಿ,” ಎಂದಳು. “ಗಿರಾಕಿ ಮುಂದ ಇಷ್ಟ ನಗಬ್ಯಾಡ್ರಿ. ಅಂಜಿ ಎದ್ದ ಹೋದಾರು.”