ಕಣ್ಣೊಂದು ಬಿಟ್ಟು

ಕಡ್ಡಿ ಮುರಿಯಿತು ಎಂದುಕೊಂಡ ಲಿಂಗಣ್ಣ.

ಒಣ ಸೌದೆ ಲಟಕ್ಕನೆ ಮುರಿದಂಥ ಸದ್ದು ಟಿವಿಎಸ್ ಗಾಡಿಯ ಗಡಗಡದ ಮೇಲೂ ಕೇಳಿತ್ತು. ವೇಗ ತಗ್ಗಿಸಿ, ಎಡಗೈಯಲ್ಲಿದ್ದ ಕಡ್ಡಿಯನ್ನು ಎತ್ತಿ ನೋಡಿದ. ಇಡಿಯಾಗಿಯೇ ಇತ್ತು. ಹಿಂತಿರುಗಿ ನೋಡಿದರೆ ಪ್ರಮೀಳಾ ಸಂತೆಮಾಳದ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದಳು. ಅವಳ ಬಲಗಾಲು ಮೊಣಕಾಲಿನ ಕೆಳಗೆ, ಬಾಗಬಾರದ ಕಡೆ ಬಾಗಿತ್ತು.

"ಏಳಮ್ಮಿ," ಎಂದ ಅಭ್ಯಾಸಬಲದಿಂದ. "ಇನ್ನರ್ಧ ಸುತ್ತು ಅದೆ."

ಅವಳು ಅಂಗೈ ಊರಿ ಏಳಲು ನೋಡಿದಳು. ಮೈ ಎದ್ದಿತು, ಪಾದ ಅಲ್ಲೇ ಉಳಿಯಿತು. ಆಮೇಲೆ ಕಿರುಚಿದಳು. ಮಾಳದ ಸುತ್ತ ಓಡುತ್ತಿದ್ದ ಹುಡುಗ ಹುಡುಗಿಯರೆಲ್ಲ ನಿಂತುಬಿಟ್ಟರು. ಲಿಂಗಣ್ಣನ ಸೀಟಿ ಇಲ್ಲದೆ ಅವರು ನಿಂತದ್ದು ಅದೇ ಮೊದಲು.

ಅಂತರಸಂತೆ ಕಡೆಯ ಆ ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಲಿಂಗಣ್ಣ ಪೀಟಿ ಮೇಷ್ಟ್ರು. ಪಿಯುಸಿ ಆದಮೇಲೆ ಮುಂದೇನು ಎಂದು ಉಳಿದ ಉಪನ್ಯಾಸಕರು ವರ್ಷಕ್ಕೊಂದು ದಿನ ಭಾಷಣ ಮಾಡಿಸುತ್ತಿದ್ದರು. ಮೈಸೂರಿನಿಂದ ಯಾರೋ ಬಂದು, ಗುರಿ ಇರಬೇಕು ಎಂದು ಹೇಳಿ, ಬೋಂಡ ತಿಂದು ಹೋಗುತ್ತಿದ್ದರು. ಲಿಂಗಣ್ಣ ಭಾಷಣ ಮಾಡುವವನಲ್ಲ. ಬೆಳಕು ಹರಿಯುವಾಗ, ಮತ್ತೆ ಸಂಜೆ, ಮಕ್ಕಳನ್ನು ಸಂತೆಮಾಳಕ್ಕೆ ಕರೆದು ಓಡಿಸುತ್ತಿದ್ದ. ಸೇನೆ, ಪೊಲೀಸು, ಅರಣ್ಯ ಇಲಾಖೆ, ಎಲ್ಲದಕ್ಕೂ ಮೊದಲು ಕಾಲು ಬೇಕು ಎಂಬುದು ಅವನ ಲೆಕ್ಕ. ಮಾಳದ ಅಂಚಿನ ಆಟದ ಸಾಮಾನಿನ ಕೋಣೆಯ ಗೋಡೆ ತುಂಬ ಸಮವಸ್ತ್ರ ತೊಟ್ಟ ಹಳೇ ಹುಡುಗರ ಫೋಟೋ ಇದ್ದವು. ಸುತ್ತಲ ಹಳ್ಳಿಗಳಲ್ಲಿ ಯಾರಿಗಾದರೂ ಖಾಕಿ ಸಿಕ್ಕಿದೆ ಎಂದರೆ ಜನ ಕೇಳುತ್ತಿದ್ದದ್ದು ಒಂದೇ: "ಲಿಂಗಣ್ಣ ಮೇಷ್ಟ್ರ ಕಡ್ಡೀನಾ?"

ಆ ಕೋಣೆಯ ಮೂಲೆಯಲ್ಲೇ ಕಡ್ಡಿಗಳಿದ್ದವು. ಹೊಗೆಸೊಪ್ಪಿನ ಎಲೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸುವ ಎದೆಯೆತ್ತರದ ಕಡ್ಡಿಗಳು. ಮಗನನ್ನೋ ಮಗಳನ್ನೋ ತರಬೇತಿಗೆ ಬಿಡುವ ದಿನ ತಂದೆ ತಾಯಿ ತಮ್ಮ ಬ್ಯಾರನ್ನಿಂದಲೇ ಒಂದು ಕಡ್ಡಿ ಆರಿಸಿ, ವೀಳ್ಯದೆಲೆ ಅಡಿಕೆ ಜೊತೆ ಮೇಷ್ಟ್ರ ಕೈಗಿಟ್ಟು, "ಕಣ್ಣೊಂದ್ ಬುಟ್ಟು ಎಲ್ಗಾರ ವಡೀರಿ ಸಾ," ಎನ್ನುತ್ತಿದ್ದರು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಕಡ್ಡಿ ಕೊಡದಿದ್ದರೆ ಮೇಷ್ಟ್ರು ಮನಸ್ಸಿಟ್ಟು ಕಲಿಸುವುದಿಲ್ಲ ಎಂಬ ನಂಬಿಕೆ ಬೆಳೆದಿತ್ತು. ಲಿಂಗಣ್ಣ ಒಂದೊಂದರ ಮೇಲೂ ಮಸಿಯಲ್ಲಿ ಹೆಸರು ಬರೆದು ನಿಲ್ಲಿಸುತ್ತಿದ್ದ. ಅವರವರ ಕಡ್ಡಿಯಲ್ಲೇ ಅವರವರಿಗೆ ಹೊಡೆತ. ಹಿಂದೆ ಬಿದ್ದವರ ಪಕ್ಕಕ್ಕೆ ಗಾಡಿ ತಂದು ಮೀನಖಂಡಕ್ಕೆ ಬಾರಿಸುತ್ತಿದ್ದ. ಕೋಪದಲ್ಲಿ ಎಂದೂ ಹೊಡೆದವನಲ್ಲ ಎಂಬುದು ಅವನ ಹೆಮ್ಮೆ.

ಪ್ರಮೀಳಾಳ ಕಡ್ಡಿ ತಂದವಳು ಅವಳ ತಾಯಿ ತಿಮ್ಮಮ್ಮ. ಹುಡುಗಿ ಪಿಯುಸಿ ಮುಗಿಸಿ ಅರಣ್ಯ ರಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅಂಕದ ಮೇಲೆ ದೈಹಿಕ ಪರೀಕ್ಷೆಗೆ ಹೆಸರು ಬಂದಿತ್ತು. ಆ ಕೆಲಸವೇ ಯಾಕೆ ಎಂದು ಲಿಂಗಣ್ಣ ಒಮ್ಮೆ ಕೇಳಿದ್ದ. "ಕಾಕನಕೋಟೆ ಫಾರೆಸ್ಟ್ ಗೇಟಲ್ಲಿ ಒಬ್ರು ಮೇಡಂ ಕೈ ಅಡ್ಡ ಹಿಡುದ್ರು ಸಾ. ಅಷ್ಟ್ ದೊಡ್ ಲಾರಿ ನಿಂತೋಯ್ತು. ಡ್ರೈವರು ಇಳುದು ಕೈ ಕಟ್ಕ ನಿಂತ್ಕಂಡ. ಅಂಗ್ ನಿಲ್ಸ್ಬೇಕು ನಾನು," ಎಂದಿದ್ದಳು.

ಪರೀಕ್ಷೆ ಸೋಮವಾರ ಮೈಸೂರಿನಲ್ಲಿತ್ತು. ಎರಡು ವಾರದಿಂದ ಅವಳು ಮೊಣಕಾಲ ಕೆಳಗೆ ಒಳಗೊಳಗೇ ನೋಯುತ್ತದೆ ಎನ್ನುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ಎಲ್ಲಾದರೂ ನೋಯುತ್ತದೆ. "ನೋವು ಕಾಲಲ್ಲಿಲ್ಲ, ತಲೇಲದೆ," ಎಂದು ಲಿಂಗಣ್ಣ ನಗಿಸಿದ್ದ. ಅವಳೂ ನಕ್ಕಿದ್ದಳು. ಗುರುವಾರ ಬೆಳಿಗ್ಗೆ ಅವಳು ಕುಂಟಿದಾಗ ಒಂದು ಕೊಟ್ಟ. ವೇಗ ಏರಿತು. ಮತ್ತೆ ತಗ್ಗಿತು. ಎರಡನೆಯದು ಕೊಟ್ಟ.

ಸಾಮಾನು ಸಾಗಿಸುವ ಆಟೋದಲ್ಲಿ ಅವಳನ್ನು ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟರು. ರಘು ಮತ್ತು ಸಾಗರ್, ಇಬ್ಬರೂ ದ್ವಿತೀಯ ಪಿಯುಸಿಯವರು, ಕಾಲು ಅಲುಗದಂತೆ ಹಿಡಿದುಕೊಂಡಿದ್ದರು. ಪ್ರತಿ ಗುಂಡಿಗೂ ಪ್ರಮೀಳಾ ದುಪಟ್ಟಾ ಕಚ್ಚುತ್ತಿದ್ದಳು.

"ಮೆಲ್ಲಗೋಡ್ಸಣ್ಣ, ಇದೇನ್ ಕುಂಬಳಕಾಯ್ ಲೋಡಾ?" ಎಂದು ಸಾಗರ್ ಕೂಗಿದ.

"ಸಾ," ಎಂದಳು ಪ್ರಮೀಳಾ. "ಸೋಮಾರ ಓಡ್ಬೋದಲ್ವಾ? ಬಿಗ್ಯಾಗ್ ಕಟ್ಸ್ಕಂಡ್ರೆ?"

ಲಿಂಗಣ್ಣ ರಸ್ತೆ ನೋಡಿದ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆ ಮೊದಲೇ ಸೀಳಿತ್ತು, ಸೀಳಿದ ಮೂಳೆಯ ಮೇಲೆ ದಿನಾ ಓಡಿದ್ದಾಳೆ, ಈಗ ಪೂರ್ತಿ ಹೋಗಿದೆ ಎಂದರು. ಆಮೇಲೆ ಪ್ಯಾಂಟನ್ನು ಕತ್ತರಿಸಿ ಮೇಲೆ ಸರಿಸಿದರು. ಮೀನಖಂಡದ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಗೆರೆಗಳು. ಕೆಲವು ಕಪ್ಪಗಿದ್ದವು, ಕೆಲವು ಹಳದಿ, ಮೇಲಿನೆರಡು ಕೆಂಪಗೆ ಉಬ್ಬಿದ್ದವು.

"ಹೇಗಾಯ್ತಮ್ಮ ಇದು?"

"ಬಿದ್ದೆ."

"ಬಿದ್ದರೆ ಹೀಗೆ ಗೆರೆ ಬರುತ್ತಾ?"

ರಘು ಸಾಗರ್‌ನ ಮುಖ ನೋಡಿದ. ಸಾಗರ್ ನೆಲ ನೋಡಿದ. ಡಾಕ್ಟರು ಲಿಂಗಣ್ಣನ ಕಡೆ ತಿರುಗಿ, ಅವನ ಕೊರಳಲ್ಲಿದ್ದ ಸೀಟಿಯನ್ನು ಸ್ವಲ್ಪ ಹೊತ್ತು ನೋಡಿ, ಬರೆಯತೊಡಗಿದರು.

ಪ್ರಮೀಳಾಳ ತಂದೆ ದಾಸಯ್ಯ, ತಿಮ್ಮಮ್ಮ ಬಸ್ಸಿಳಿದು ಬರುವುದನ್ನು ಲಿಂಗಣ್ಣ ಗೇಟಿನಿಂದಲೇ ಕಂಡ. ಕೆನ್ನೆಗೆ ಬೀಳುತ್ತದೆ ಎಂದುಕೊಂಡು ಕನ್ನಡಕ ತೆಗೆದು ಜೇಬಿಗಿಟ್ಟ. ದಾಸಯ್ಯ ಬಂದವನೇ ಎರಡೂ ಕೈ ಜೋಡಿಸಿದ.

"ತಪ್ಪಾಯ್ತು ಸಾ. ನಮ್ಮುಡ್ಗಿ ನಿಮ್ಗೆ ಕೆಟ್ಟೆಸ್ರು ತಂದ್ಬುಟ್ಲು."

"ಏನ್ ದಾಸಯ್ಯ ನೀನು... ಕಾಲು ಮುರ್ದದೆ ಅವಳ್ದು."

"ಅವ್ಳ್ ಅಣೇಬರ. ಇಂತಾ ಗುರುಗಳು ಸಿಕ್ಕೂ ಓಡ್ನಿಲ್ಲ. ಇನ್ನ ಸೊಪ್ ಕಟ್ಕಂಡ್ ಬಿದ್ದಿರ್ಲಿ."

ತಿಮ್ಮಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಾನೇ ಅಲ್ವಾ ಸಾ ಕಡ್ಡಿ ಕೊಟ್ಟೋಳು? ಕಣ್ಣೊಂದ್ ಬುಟ್ಟು ಅಂದಿದ್ದೆ. ನೀವು ಮಾತ್ಗೆ ತಪ್ನಿಲ್ಲ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಲಿಂಗಣ್ಣ ತಿರುಗಿ ಏನಾದರೂ ಹೇಳಬಹುದಿತ್ತು.

ಮೂರು ದಿನ ಅವನು ಕಡ್ಡಿ ಮುಟ್ಟಲಿಲ್ಲ. ಬರೀ ಸೀಟಿ ಊದಿದ. ಮೊದಲ ದಿನ ಮಕ್ಕಳು ಹೆದರಿಯೇ ಓಡಿದರು. ಎರಡನೇ ದಿನ ಮೂಲೆಯ ಹುಣಸೆಮರದ ಹತ್ತಿರ ನಡೆದರು. ಮೂರನೇ ದಿನ ಸಾಗರ್ ನಡೆಯುತ್ತಲೇ ಯಾರಿಗೋ ಏನೋ ಹೇಳಿ ನಗಿಸಿದ. ರಘುವಿನ ತಂದೆ ಮಹದೇವಪ್ಪ ಮಾಳದ ಅಂಚಿನಲ್ಲಿ ಬೈಕು ನಿಲ್ಲಿಸಿ ನೋಡುತ್ತಿದ್ದವನು ಹತ್ತಿರ ಬಂದ.

"ಯಾಕ್ ಸಾ, ಕಡ್ಡಿ ಬುಟ್ಬುಟ್ರಂತೆ? ಮುಂದ್ಲ ತಿಂಗ್ಳು ನಮ್ಮುಡ್ಗುಂದು ಮಿಲ್ಟ್ರಿ ರ‍್ಯಾಲಿ ಅದೆ. ಒಂದ್ ಕಾಲ್ ಮುರೀತು ಅಂತ ಅಷ್ಟು ಮಕ್ಳ್ ಬಾಳು ಹಾಳ್ ಮಾಡ್ತೀರಾ?"

ಸೋಮವಾರ ಸಂಜೆಯ ಓಟಕ್ಕೆ ಲಿಂಗಣ್ಣ ಸಾಗರ್‌ನ ಕಡ್ಡಿ ಹಿಡಿದೇ ಗಾಡಿ ಏರಿದ. ಮೊದಲ ಏಟಿಗೇ ಹುಡುಗ ಜಿಂಕೆಯ ಹಾಗೆ ನೆಗೆದ. ಮಾಳದ ಅಂಚಿನಲ್ಲಿ ಮಹದೇವಪ್ಪ ಮೆಚ್ಚಿ ತಲೆಯಾಡಿಸಿದ. ಎರಡನೇ ಏಟಿಗೆ ಕಡ್ಡಿ ಎತ್ತಿದಾಗ ಎದುರಿಗೊಬ್ಬ ಬಂದು ನಿಂತ.

ಧರ್ಮೇಂದ್ರ, ಪ್ರಮೀಳಾಳ ಅಣ್ಣ. ಬ್ಯಾರನ್ನಿನ ಒಲೆಗೆ ಸೌದೆ ಹಾಕುವವನು. ಕೈಯ ಕೂದಲೆಲ್ಲ ಸುಟ್ಟಿತ್ತು. ಕೆಲವು ವರ್ಷದ ಹಿಂದೆ ಅವನೂ ಇದೇ ಮಾಳದಲ್ಲಿ ಓಡಿ, ಸೇನಾ ಭರ್ತಿಯಲ್ಲಿ ಕೊನೆಯ ಸುತ್ತಿಗೆ ಬಿದ್ದುಹೋದವನು.

"ಮೈಸೂರ್‌ಗೋಗಿದ್ದೊ ಸಾ," ಎಂದ. ದನಿ ತಣ್ಣಗಿತ್ತು. "ಓಗ್ಲೇಬೇಕು ಅಂತ ಅತ್ಲು. ಬೈಕಲ್ ಕೂರುಸ್ಕಂಡ್ ಓದೆ, ಕಾಲ್ಗ್ ದಿಂಬ್ ಕಟ್ಟಿ. ಎಸ್ರು ಕೂಗುದ್ರು. ಇವ್ಳು ಕೈ ಎತ್ತುದ್ಲು. ಆ ಕಟ್ಟು ನೋಡಿ ಒಬ್ಬ ನಕ್ಬುಟ್ಟ ಸಾ. ಇನ್ನೊಂದ್ ದಿನ ಕೊಡಿ ಅಂದೊ. ಕೊಡಾಕಿಲ್ವಂತೆ. ಕೈ ಕೆಳುಕ್ಕಿಳ್ಸು ಅಂತ ನಾನೇ ಯೋಳ್ಬೇಕಾಯ್ತು. ಇಳುಸ್ಲೇ ಇಲ್ಲ ಅವ್ಳು."

"ಧರ್ಮೇಂದ್ರ, ನಾನು..."

"ನನ್ ಕಡ್ಡಿ ಅದಾ ಸಾ?"

ಉತ್ತರಕ್ಕೆ ಕಾಯಲಿಲ್ಲ. ಆಟದ ಕೋಣೆಯ ಬಾಗಿಲಲ್ಲಿ ಹಿಂದಿನ ಹಾಗೇ ಚಪ್ಪಲಿ ಬಿಟ್ಟು ಒಳಗೆ ಹೋದ. ಕಡ್ಡಿಗಳು ಉರುಳಾಡಿದ ಸದ್ದು ಬಂತು. ಹೊರಗೆ ಬಂದಾಗ ಕೈಯಲ್ಲಿ ಎರಡಿದ್ದವು. ಒಂದನ್ನು ಗೋಡೆಗೆ ಒರಗಿಸಿಟ್ಟ. ಇನ್ನೊಂದನ್ನು ಬೆರಳಿನಿಂದ ಉಜ್ಜಿ ಮಾಸಿದ ಹೆಸರನ್ನು ಓದಿದ. ಆಮೇಲೆ ಲಿಂಗಣ್ಣನ ಕೈಯಿಂದ ಗಾಡಿಯ ಹ್ಯಾಂಡಲ್ ಬಿಡಿಸಿಕೊಂಡ.

"ಓಡಿ ಸಾ."

ಮೊದಲ ಏಟು ಬಿದ್ದಾಗ ಲಿಂಗಣ್ಣ ಓಡಬೇಕೆಂದು ತೀರ್ಮಾನಿಸಲಿಲ್ಲ. ಕಾಲೇ ಓಡಿತು. ಹೊಟ್ಟೆ ಕುಲುಕಿತು, ಸೀಟಿ ಎದೆಗೆ ಬಡಿಯಿತು. ಹಿಂದಿನಿಂದ ತನ್ನದೇ ಗಾಡಿಯ ಸದ್ದು ಹತ್ತಿರ ಬಂತು. ಮತ್ತೊಂದು ಬಿತ್ತು, ಮೊದಲಿನ ಜಾಗಕ್ಕೇ. ಹೊಡೆತ ಬಿದ್ದ ಕಡೆ ಮಾತ್ರ ಉರಿಯುತ್ತದೆ ಎಂದು ಅವನು ಇಷ್ಟು ವರ್ಷ ನಂಬಿದ್ದ. ಅದು ತೊಡೆ ಏರಿ, ಬೆನ್ನು ಏರಿ, ಹಲ್ಲಿಗೆ ಬಂದು ಮುಟ್ಟಿತು.

"ಏಯ್ ಧರ್ಮೇಂದ್ರ! ಮೇಷ್ಟ್ರು ಕಣ್ಲಾ!" ಮಹದೇವಪ್ಪ ಕೂಗಿದ.

"ಗೊತ್ತು ಕಣಣ್ಣ. ಕಣ್ಗ್ ವಡ್ಯಾಕಿಲ್ಲ."

ಮಹದೇವಪ್ಪ ಎರಡು ಹೆಜ್ಜೆ ಮುಂದೆ ಬಂದು ನಿಂತ. ಮಕ್ಕಳು ಸಾಲಾಗಿ ನಿಂತಿದ್ದರು. ಓಟದ ನಡುವೆ ಯಾರೂ ಅಡ್ಡ ಬರಬಾರದು ಎಂದು ಅವರಿಗೆ ಕಲಿಸಿದವನು ಲಿಂಗಣ್ಣನೇ. ಹುಣಸೆಮರ ದಾಟಿದಾಗ ರಘು ಅಭ್ಯಾಸ ತಪ್ಪದೆ, "ಒಂದು!" ಎಂದು ಕೂಗಿದ. ಕೂಗಿದವನೇ ಬಾಯಿ ಮುಚ್ಚಿಕೊಂಡ.

"ಮೂಗಲ್ ಉಸ್ರು ತಕಳಿ ಸಾ. ಬಾಯಲ್ಲಿ ಬುಡಿ. ನೀವೇ ಯೋಳ್ಕೊಟ್ಟಿದ್ದು." ಏಟು. "ತಲೆ ಎತ್ತಿ." ಏಟು. "ನೋವು ಕಾಲಲ್ಲಿಲ್ಲ, ತಲೇಲದೆ." ಏಟು. ಒಮ್ಮೆಯೂ ಏಕವಚನಕ್ಕೆ ಇಳಿಯಲಿಲ್ಲ. ಪ್ಯಾಂಟು ಹರಿದು ಬಿಸಿಯಾಗಿ ಏನೋ ಹಿಮ್ಮಡಿಗೆ ಇಳಿಯಿತು. ಪ್ರಮೀಳಾ ಬಿದ್ದ ಜಾಗದಲ್ಲಿ ಕೆಸರು ಒಣಗಿ ಅವಳ ಅಂಗೈಯ ಗುರುತು ಹಾಗೇ ಉಳಿದಿತ್ತು. ಅದನ್ನು ತುಳಿಯಬಾರದೆಂದು ಪಕ್ಕಕ್ಕೆ ಕಾಲಿಟ್ಟವನು ಜಾರಿ ಬಿದ್ದ.

ಗಾಡಿ ನಿಂತಿತು. ಧರ್ಮೇಂದ್ರ ಸ್ಟ್ಯಾಂಡ್ ಹಾಕಿ ಇಳಿದು ಬಂದ. ಕಡ್ಡಿ ಮೇಲೆ ಹೋದದ್ದು ಕಂಡಿತು. ಲಿಂಗಣ್ಣ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಮುದುಡಿದ.

ಏಟು ಬೀಳಲಿಲ್ಲ. ಕೊನೆಗೆ ಬೆರಳ ಸಂದಿಯಿಂದ ನೋಡಿದ. ಧರ್ಮೇಂದ್ರನ ಕೈ ಇನ್ನೂ ಮೇಲೆಯೇ ಇತ್ತು.

"ಅದೊಂದ್ನೇ ಸಾ ಬುಟ್ಟಿದ್ದು," ಎಂದ. "ಅದುನ್ನೇ ಮುಚ್ಕತೀರಾ?"

ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದ. ಒಣ ಕಡ್ಡಿ, ಲಟಕ್ಕೆಂದಿತು. ಮಕ್ಕಳಲ್ಲಿ ಯಾರೋ ಅಳತೊಡಗಿದರು. ಧರ್ಮೇಂದ್ರ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಗೋಡೆಗೆ ಒರಗಿಸಿದ್ದ ಇನ್ನೊಂದನ್ನು ತೆಗೆದುಕೊಂಡ. ಅದರ ಮೇಲೆ ಪ್ರಮೀಳಾಳ ಹೆಸರಿತ್ತು.

"ಇದುನ್ನ ತಕಂಡ್ ಬಾ ಅಂದವ್ಳೆ. ಊರ್ಕಂಡ್ ನಡೀತಾಳಂತೆ."

ಯಾರೂ ಲಿಂಗಣ್ಣನನ್ನು ಎತ್ತಲು ಬರಲಿಲ್ಲ. ಬರಬಾರದೆಂದಲ್ಲ, ಮುಟ್ಟಬಹುದೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಅವನೇ ಎದ್ದ. ಗಾಡಿಯನ್ನು ಅಲ್ಲೇ ಬಿಟ್ಟು, ಬೇಲಿ ಹಿಡಿದುಕೊಂಡು ಮನೆಯ ಕಡೆ ನಡೆದ. ಬ್ಯಾರನ್ನುಗಳ ಹೊಗೆ ಕಾಲುದಾರಿಯ ಮೇಲೆ ಕವಿದು ನಿಂತಿತ್ತು.

ಮನೆಯ ಜಗಲಿಯ ಮೇಲೆ ಒಬ್ಬ ಹೆಂಗಸು, ಒಬ್ಬ ಹುಡುಗಿ ಕೂತಿದ್ದರು. ಹೆಂಗಸು ಎದ್ದು ಸೆರಗು ಹೊದ್ದುಕೊಂಡಳು.

"ನಾನು ಚೆಲುವಮ್ಮ ಅಂತ ಸಾ, ಎನ್. ಬೇಗೂರ್‌ನೋರು. ಇವ್ಳು ನನ್ ಮಗ್ಳು ಭಾವನಾ. ಮೊದುಲ್ನೇ ಪಿಯುಸಿ. ನಿಮ್ ಎಸ್ರು ಕೇಳ್ಕಂಡ್ ಎರಡ್ ಬಸ್ ಅತ್ಕಂಡ್ ಬಂದೊ." ಮುಸ್ಸಂಜೆಯ ಮಬ್ಬಿನಲ್ಲಿ ಅವಳಿಗೆ ಅವನ ಮುಖವಷ್ಟೇ ಕಂಡಿತೋ ಏನೋ. ಪಕ್ಕದಲ್ಲಿಟ್ಟಿದ್ದ ಕಡ್ಡಿಯನ್ನು ಎರಡೂ ಕೈಯಲ್ಲಿ ಎತ್ತಿ, ತುದಿಗೆ ವೀಳ್ಯದೆಲೆ ಸಿಕ್ಕಿಸಿ ಚಾಚಿದಳು. ಆಗತಾನೇ ಸಿಪ್ಪೆ ತೆಗೆದ ಹೊಸ ಕಡ್ಡಿ, ಹಸಿ ವಾಸನೆ ಇನ್ನೂ ಆರಿರಲಿಲ್ಲ. "ನಮ್ಮಲ್ಲಿ ಬ್ಯಾರನ್ನಿಲ್ಲ ಸಾ, ಕಾಡಂಚಲ್ ಕಡ್ದಿದ್ದು. ಕಣ್ಣೊಂದ್ ಬುಟ್ಟು..."

ಲಿಂಗಣ್ಣ ಕೈ ನೀಡಿದ. ಕಡ್ಡಿ ಕೈಗೆ ಬಂತು. ಮೆಟ್ಟಿಲು ಹತ್ತಲು ಕಾಲು ಬಗ್ಗಲಿಲ್ಲ. ಕಡ್ಡಿಯನ್ನು ನೆಲಕ್ಕೂರಿ, ಅದರ ಮೇಲೆ ಮೈಭಾರ ಬಿಟ್ಟು, ಹಾಗೇ ನಿಂತ. ವೀಳ್ಯದೆಲೆ ಕೆಳಗೆ ಬಿತ್ತು.

ಭಾವನಾ ಅವನ ಹರಿದ ಪ್ಯಾಂಟನ್ನು ನೋಡಿದಳು. ಹಿಮ್ಮಡಿಯ ಹಿಂದೆ ಅಂಗಳದ ಕಲ್ಲಿನ ಮೇಲೆ ಬೀಳುತ್ತಿದ್ದ ಹನಿಗಳನ್ನು ನೋಡಿದಳು. ಜಗಲಿಯಿಂದ ಇಳಿಬಿಟ್ಟಿದ್ದ ಎರಡೂ ಕಾಲನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡು, ಲಂಗದೊಳಗೆ ಮುಚ್ಚಿಕೊಂಡಳು.