ಮುಯ್ಯಿ ರಜೆ

"ಮಗಳ ಮಾರಿ ನೋಡಾಕ ರಜಾ ಬೇಕಂತ ರಜಾ! ನಿನ್ನ ಮಗಳೇನ ಡಿಸಿ ಆಗ್ಯಾಳೇನಲೇ, ಹೋಗಿ ಹಾರಾ ಹಾಕಿ ಬರಾಕ?"

ಲೋಹಿತ ಹೀಗೆ ಕೂಗುವಾಗ ಮಂಜುಳಾ ಹೊಲಿಗೆ ಮಷೀನಿನ ಮೇಲೆ ಬಗ್ಗಿ ಅಂಗಿಯ ಕಾಲರು ಕೂಡಿಸುತ್ತಿದ್ದಳು. ಕೈ ನಿಲ್ಲಿಸುವಂತಿಲ್ಲ. ಬೈಗುಳ ತಿನ್ನುವಾಗಲೂ ಶೆಡ್ಡಿನಲ್ಲಿದ್ದ ಒಂದೇ ಸಾಲಿನಲ್ಲಿ ಅಂಗಿ ಮುಂದಿನ ಮಷೀನಿಗೆ ಹೋಗುತ್ತಲೇ ಇರಬೇಕು, ಶಿಗ್ಗಾವಿಯ ಆ ಗಾರ್ಮೆಂಟಿನ ನಿಯಮ ಅದು. ಲೋಹಿತ ಅಲ್ಲಿನ ಮ್ಯಾನೇಜರ್, ಮಾಲೀಕನ ಅಕ್ಕನ ಮಗ. ಅದೇ ಅವನ ಓದು, ಅದೇ ಅವನ ಅನುಭವ. ತಾಯಿಯ ವಯಸ್ಸಿನವರನ್ನೂ ಏನಲೇ ಎಂದೇ ಕರೆಯುತ್ತಿದ್ದ. ಅವರು ಮಾತುಮಾತಿಗೂ ಸರ್ರಿ ಅನ್ನಬೇಕಿತ್ತು.

"ಸಹನಾನ್ನ ಕೇಳು. ನನ್ನ ತಲಿ ತಿನ್ನಬ್ಯಾಡ" ಎಂದು ಹೊರಟುಹೋದ.

ಸಹನಾ ಅಂದರೆ ಹೆಣ್ಣುಮಗಳಲ್ಲ, ಫೋನಿನೊಳಗೆ ಮಾತಾಡುವ ಯಂತ್ರ. ಮೊದಲು ರಜೆ ಬೇಕಾದರೆ ಲೋಹಿತನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ನಿಂತು ಗೋಗರೆಯಬೇಕಿತ್ತು. ಈಗ ಗೋಗರೆಸಿಕೊಳ್ಳುವ ಕೆಲಸವನ್ನು ಕಂಪನಿ ಇದಕ್ಕೆ ವಹಿಸಿದೆ. ಫೋನಿಗೆ ಬಾಯಿ ಹಚ್ಚಿ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳುತ್ತದೆ, ರೇಡಿಯೋ ವಾರ್ತೆಯ ಕನ್ನಡದಲ್ಲಿ ತಾವು ತಮ್ಮ ಎಂದು ಮರ್ಯಾದೆ ಕೊಡುತ್ತದೆ, ಕೊನೆಗೆ ರಜೆ ಇಲ್ಲ ಅನ್ನುತ್ತದೆ. ಹೆಂಗಸರಿಗೆ ಮೊದಮೊದಲು ಖುಷಿಯೇ ಆಗಿತ್ತು. ಹುಟ್ಟಿದಾಗಿನಿಂದ ಅವರನ್ನು ಯಾರೂ ತಾವು ಅಂದಿರಲಿಲ್ಲ. ಸಹನಕ್ಕ ಎಂದು ಕರೆದರು, ಊಟ ಆಯ್ತೇನವಾ ಎಂದೂ ವಿಚಾರಿಸಿದರು.

ಸಹನಕ್ಕ ಸಲೀಸಾಗಿ ರಜೆ ಕೊಡುತ್ತಿದ್ದದ್ದು ಸಾವಿಗೆ, ಇಲ್ಲವೇ ಜಡ್ಡಿಗೆ. ಜಡ್ಡಿಗೆ ಡಾಕ್ಟರರ ಚೀಟಿ ಬೇಕು. ಸಾವಿಗೆ ಚೀಟಿ ಕೇಳುವುದನ್ನು ಅದಕ್ಕಿನ್ನೂ ಯಾರೂ ಕಲಿಸಿರಲಿಲ್ಲ. ಇದು ಗೊತ್ತಾಗಿದ್ದೇ ತಡ, ತಡಸ ಊರಿನ ಕಡೆಯ ಅತ್ತೆಯಂದಿರೆಲ್ಲ ಸರಸರ ಸಾಯತೊಡಗಿದರು. ಮಂಜುಳಾಳ ಪಕ್ಕದ ಮಷೀನಿನ ಗುಲ್ನಾಜಳ ಅತ್ತೆ ಎರಡು ಸಲ ಸತ್ತಳು. ಎರಡು ಸಲವೂ ಸಹನಾ, ತಮ್ಮ ದುಃಖದಲ್ಲಿ ನಾವೂ ಭಾಗಿ ಎಂದಳು. ಗುಲ್ನಾಜ ಅದನ್ನು ಮನೆಗೆ ಹೋಗಿ ಅತ್ತೆಗೇ ಕೇಳಿಸಿದಳು. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕು, ಮೊಹರಮ್ಮಿಗೆ ಇನ್ನೊಮ್ಮೆ ಸಾಯಲೂ ಒಪ್ಪಿದಳು.

ಮಂಜುಳಾಳಿಗೆ ಸಾಯಿಸಲು ಅತ್ತೆ ಉಳಿದಿರಲಿಲ್ಲ, ಗಂಡನೂ ಉಳಿದಿರಲಿಲ್ಲ. ಇರುವವಳು ಮಗಳೊಬ್ಬಳೇ, ಸುಧಾರಾಣಿ. ಮಾಸೂರಿನ ಹಾಸ್ಟೆಲಿನಲ್ಲಿದ್ದು ಏಳನೆಯ ಇಯತ್ತೆ ಓದುತ್ತಿದ್ದಳು. ತಿಂಗಳಿಗೊಂದು ಐತವಾರ ಮಾತ್ರ ಅಲ್ಲಿ ತಾಯಂದಿರನ್ನು ಒಳಗೆ ಬಿಡುತ್ತಾರೆ. ಗಾರ್ಮೆಂಟಿಗೆ ದೊಡ್ಡ ಆರ್ಡರ್ ಬಂದು ಐತವಾರವೂ ಪಾಳಿ ಶುರುವಾದ ಮೇಲೆ ಮಂಜುಳಾ ಹೋಗಲು ಆಗಿರಲಿಲ್ಲ. ಮೊದಲನೆಯ ತಿಂಗಳು ಹುಡುಗಿ ಅತ್ತಳು. ಎರಡನೆಯ ತಿಂಗಳು ಅಳಲಿಲ್ಲ. ವಾರ್ಡನ್ ಫೋನು ಕೊಟ್ಟರೆ ತಾನು ಮಾತಾಡುವುದಿಲ್ಲ ಎಂದು ತಿರುಗಿಸಿ ಕೊಟ್ಟಳಂತೆ. ಈ ಸಲವೂ ಹೋಗದಿದ್ದರೆ ಮಗಳು ಕೈಬಿಟ್ಟು ಹೋದಳೆಂದೇ ಮಂಜುಳಾಳ ಅಂಜಿಕೆ.

ಊಟದ ಬಿಡುವಿನಲ್ಲಿ ಸಹನಾಳನ್ನು ಕೇಳಿದಳು. ಮಗಳಿಗೆ ಆರೋಗ್ಯ ಸರಿಯಿಲ್ಲವೇ ಎಂದು ಸಹನಾ ವಿಚಾರಿಸಿದಳು. ಹೂಂ ಅನ್ನು, ಚೀಟಿ ನಾನು ಹುಟ್ಟಿಸುತ್ತೇನೆ ಎಂದು ಪಕ್ಕದಲ್ಲಿ ಕುಂತ ಗುಲ್ನಾಜ ತಿವಿದಳು. ಮಂಜುಳಾ ಒಪ್ಪಲಿಲ್ಲ. ಅತ್ತೆಯಂದಿರು ಗಟ್ಟಿ ಜೀವ, ಎಷ್ಟು ಸಲ ಸಾಯಿಸಿದರೂ ತಡೆದುಕೊಂಡಾರು. ಹಾಸ್ಟೆಲಿನ ಅನ್ನ ತಿಂದು ಬೆಳೆಯುವ ಕೂಸಿಗೆ ಹೆತ್ತವಳೇ ಬಾಯಾರೆ ಜಡ್ಡು ಕರೆಯುವುದುಂಟೇ?

"ನನ್ನ ಮಗಳು ಗುಂಡಕಲ್ಲಿನಂಗ ಅದಾಳವಾ" ಎಂದು ಫೋನಿಗೆ ಹೇಳಿದಳು. "ನೋಡಬೇಕನಸೇತಿ, ಅಷ್ಟ."

ನೋಡಬೇಕನ್ನಿಸುವುದು ಸಹನಾಳ ಕಾರಣಗಳಲ್ಲಿ ಇರಲಿಲ್ಲ. ಆದರೆ ಇನ್ನೊಂದು ದಾರಿ ಇದೆ ಎಂದಳು. ಸಾಲಿನ ಬೇರೊಬ್ಬರು ಆ ದಿನ ತಮ್ಮ ಕೆಲಸದ ಜತೆಗೆ ಮಂಜುಳಾಳ ಕೆಲಸವನ್ನೂ ಮುಗಿಸಿಕೊಡುತ್ತೇನೆಂದು ಒಪ್ಪಿದರೆ, ಕಾರಣವನ್ನೇ ಕೇಳದೆ ರಜೆ ಮಂಜೂರು. ಇದು ಲೋಹಿತನ ಸ್ವಂತ ಬುದ್ಧಿ. ರಜೆ ಕೊಟ್ಟ ಹೆಸರೂ ಬಂತು, ಅಂಗಿಯೂ ಕಡಿಮೆಯಾಗಲಿಲ್ಲ. ಯಾರದೋ ಬೆನ್ನು ಮುರಿದೀತು, ಅದೇನು ಕಂಪನಿಯ ಬೆನ್ನೇ? ಅದಕ್ಕೇ ಇದುವರೆಗೆ ಯಾರೂ ಯಾರನ್ನೂ ಹೀಗೆ ಕೇಳಿರಲಿಲ್ಲ.

"ನನ್ನ ಹೆಸರ ಹೇಳ" ಎಂದಳು ಗುಲ್ನಾಜ. "ಮುಯ್ಯಿ ಅನ್ಕೋ. ಮುಂದಿನ ಸಲ ನೀ ನನಗ ಮಾಡಾಕಿ."

ಅಲ್ಲಿದ್ದವರೆಲ್ಲ ಗಾರ್ಮೆಂಟಿಗೆ ಬರುವ ಮೊದಲು ಗೋವಿನಜೋಳದ ಹೊಲದಲ್ಲಿ ಮುಯ್ಯಿಗೆ ದುಡಿದವರೇ. ಇಂದು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೇಳಿದಾಗ ಇಲ್ಲ ಅಂದವಳ ಹೊಲಕ್ಕೆ ಆಮೇಲೆ ಯಾರೂ ಕಾಲಿಡುವುದಿಲ್ಲ. ಹಾಗಾಗಿ ತಮಗೆ ಒಪ್ಪಿಗೆಯೇ ಎಂದು ಸಹನಾ ಕೇಳಿದ್ದೇ, ಗುಲ್ನಾಜ ಹೌದು ಒತ್ತಿದಳು. ಮಂಜುಳಾಳ ರಜೆ ಮಂಜೂರಾಯಿತು.

ಆಮೇಲೆ ಗುಲ್ನಾಜಳಿಗೆ ನೆನಪಾಯಿತು, ಅದೇ ಐತವಾರ ಸವಣೂರಿನಲ್ಲಿ ತಮ್ಮನಿಗೆ ಹೆಣ್ಣು ನೋಡುವುದಿದೆ. ಕೊಟ್ಟ ಮಾತು ಹಿಂತೆಗೆಯುವುದು ಹೇಗೆ? ಮುಯ್ಯಿಯಲ್ಲಿ ಅದಕ್ಕೂ ದಾರಿಯುಂಟು, ತನ್ನ ಬದಲಿಗೆ ಇನ್ನೊಬ್ಬಳನ್ನು ಕಳಿಸಿದರಾಯಿತು. ಮುಂದಿನ ಮಷೀನಿನ ತನುಜಾಳ ಹೆಸರು ಹೇಳಿದಳು. ತನುಜಾ ಹೌದು ಒತ್ತಿದಳು. ತನುಜಾಳಿಗೆ ಹಾನಗಲ್ಲಿನಲ್ಲಿ ಅಕ್ಕನ ಕೂಸಿನ ತೊಟ್ಟಿಲು. ಅವಳು ವೀರವ್ವನನ್ನು ಕೇಳಿದಳು. ವೀರವ್ವನಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಆದರೂ ಎಲ್ಲರೂ ಕೇಳುವಾಗ ತಾನೇಕೆ ಬಿಡಬೇಕು, ಮನೆಯಲ್ಲಿ ಕಾಲು ಚಾಚಿ ಮಲಗಿದರಾಯಿತೆಂದು ಅವಳೂ ಮುಂದಿನವಳನ್ನು ಕೇಳಿದಳು. ಅಂಗಿ ಸಾಗುವ ಹಾದಿಯಲ್ಲೇ ಮುಯ್ಯಿ ಸಾಲಿನುದ್ದಕ್ಕೂ ಸಾಗಿತು, ಕೇಳಿದವರಿಗೆಲ್ಲ ರಜೆ ಮಂಜೂರಾಯಿತು. ಒಪ್ಪಿದವಳೇ ರಜೆಯಲ್ಲಿದ್ದಾಳೆಯೇ ಎಂದು ನೋಡಲು ಸಹನಾಳಿಗೆ ಯಾರೂ ಹೇಳಿರಲಿಲ್ಲ. ಹೆಂಗಸರಿಗೂ ಅದು ಹೊಳೆದಿರಲಿಲ್ಲ.

ಶನಿವಾರ ಸಂಜೆ ಮಂಜುಳಾಳ ಫೋನು ಕುಂಯ್ ಎಂದಿತು. ಸಾಲಿನ ಕೊನೆಯಲ್ಲಿ ಗುಂಡಿ ಹಚ್ಚುವ ಮುದಕವ್ವನ ಕೆಲಸವನ್ನು ನಾಳೆ ಮಾಡಿಕೊಡಲು ತಮಗೆ ಒಪ್ಪಿಗೆಯೇ? ತನ್ನ ಮುಂದೆ ಯಾರೂ ಇಲ್ಲದ್ದರಿಂದ ಮುದಕವ್ವ ಸಾಲಿನ ಮೊದಲನೆಯವಳ ಹೆಸರು ಹೇಳಿದ್ದಳು. ಮಂಜುಳಾ ಗಾಬರಿಯಾಗಿ ಗುಲ್ನಾಜಳನ್ನು ಕೇಳಿದಳು, ಅವಳು ತನುಜಾಳನ್ನು, ತನುಜಾ ವೀರವ್ವನನ್ನು. ನಾಳೆ ಇಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲವೆಂದು ಇಡೀ ಸಾಲಿಗೆ ಗೊತ್ತಾಯಿತು. ಮಷೀನುಗಳು ಒಂದೊಂದಾಗಿ ನಿಂತವು. ಸೋಮವಾರ ಲಾರಿ ಹತ್ತಬೇಕಾದ ಅಂಗಿಗಳು ಅರ್ಧಂಬರ್ಧ ಬಿದ್ದಿದ್ದವು.

ಮುದಕವ್ವ ಅಂಜಿಬಿಟ್ಟಳು. ಲೋಹಿತನಿಗೆ ಹೇಳಿ, ತಪ್ಪಾಯಿತೆಂದು ಕಾಲಿಗೆ ಬಿದ್ದುಬಿಡೋಣ ಎಂದಳು. ಅಷ್ಟರಲ್ಲಿ ಲೋಹಿತನೇ ಬಂದ. ಮಷೀನು ನಿಂತದ್ದು ಕಂಡವನೇ ಕೈಗೆ ಸಿಕ್ಕ ಅಂಗಿಯನ್ನು ಮುದಕವ್ವನ ಮುಖಕ್ಕೆ ಬೀಸಿ ಒಗೆದ.

"ಇದೇನ ಗುಂಡಿ ಹಚ್ಚೀಯೇನಲೇ ಮುದುಕಿ? ಕಣ್ಣ ಕಾಣದಿದ್ರ ಮನ್ಯಾಗ ಬಿದ್ದು ಸಾಯಿ. ನಿಮ್ಮಂಥಾ ರಂಡೇರ್ನ ಸಾಕಾಕ ಕುಂತಿಲ್ಲ ನಾ."

ಅಂಗಿ ಮುದಕವ್ವನ ತಲೆಯ ಮೇಲೆ ನೇತಾಡುತ್ತಿತ್ತು. ಅವನು ಹೋದ ಮೇಲೆ ಮುದಕವ್ವ ಅಂಗಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮಂಜುಳಾಳ ಕಡೆ ನೋಡಿದಳು.

"ಇವನ ಹೆಣಾ ಎತ್ಲಿ. ಒತ್ತವಾ ಮಂಜವ್ವಾ."

ಮಂಜುಳಾ ಒತ್ತಿದಳು. ಮಿಕ್ಕವರೆಲ್ಲ ತಿಳಿಯದೆ ಒತ್ತಿದ್ದರು, ಇವಳು ತಿಳಿದೇ ಒತ್ತಿದಳು. ತಮ್ಮ ಸಹಕಾರಕ್ಕೆ ಧನ್ಯವಾದ ಎಂದಳು ಸಹನಾ.

ಮರುದಿನ ಮಾಸೂರಿನ ಹಾಸ್ಟೆಲಿನ ಕಟ್ಟೆಯ ಮೇಲೆ ಸುಧಾರಾಣಿ ಬಹಳ ಹೊತ್ತು ಮಾರಿ ಊದಿಸಿಕೊಂಡು ಕುಂತಿದ್ದು, ಆಗಷ್ಟೇ ತಾಯಿಯ ಮೊಣಕಾಲಿಗೆ ಒರಗಿದ್ದಳು. ತಲೆ ತುಂಬ ಹೇನು. ಮಂಜುಳಾ ಕೂದಲು ಬಿಡಿಸಿ ನೋಡುತ್ತಿರುವಾಗ ಲೋಹಿತನ ಫೋನು ಬಂತು. ಕೈ ತೆರವಿಲ್ಲದ್ದರಿಂದ ಹುಡುಗಿಯೇ ಸ್ಪೀಕರ್ ಹಚ್ಚಿ ಫೋನನ್ನು ಕಟ್ಟೆಯ ಮೇಲಿಟ್ಟಳು.

ಮಂಜುಳಾಳ ಕೆಲಸ ಯಾರು ಮಾಡುತ್ತಿದ್ದಾರೆಂದು ಲೋಹಿತ ಕೇಳಿದ. ಗುಲ್ನಾಜ ಎಂದಳು. ಗುಲ್ನಾಜಳದ್ದು? ತನುಜಾ. ಹೀಗೆ ಒಬ್ಬೊಬ್ಬರನ್ನೇ ಕೇಳುತ್ತ, ನಡುನಡುವೆ ಬೈಯುತ್ತ, ಸಾಲಿನ ಕೊನೆಗೆ ಬಂದ.

"ಮುದಕಿದು?"

"ಅದನ್ನ ನಾ ಮಾಡ್ತೇನಂತ ಒಪ್ಪೇನ್ರಿ ಸರ್."

ಅತ್ತ ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವನೊಬ್ಬನೇ ನಿಂತಿದ್ದ, ಅವನ ದನಿ ಅವನಿಗೇ ತಿರುಗಿ ಬಡಿಯುತ್ತಿತ್ತು.

"ನಾಳೆ ಗೇಟಿಗೆ ಬಾ ನೀ. ತೊಗಲ ಸುಲೀತೇನಿ."

"ನಾ ಒಬ್ಬಾಕಿ ಬರೂದಿಲ್ರಿ, ಸಾಲಿಗೆ ಸಾಲ ಬರ್ತೇವಿ. ಮುದಕವ್ವನ ಮಾರಿಗೆ ಅಂಗಿ ಒಗದ್ರೆಲ್ಲ, ಅದನ್ನ ಮೊದಲ ಮಾತಾಡೂಣಂತ."

ಲೋಹಿತ ಹೊಲಸು ಬಾಯಿ ಬಿಟ್ಟ. ಬಂದ್ ಮಾಡಲೇನವ್ವಾ ಎಂದು ಸುಧಾರಾಣಿ ತಲೆ ಎತ್ತಿದಳು. ಇರಲಿ, ಅಳ್ಳಾಡಬ್ಯಾಡ ಎಂದು ಮಂಜುಳಾ ಆ ತಲೆಯನ್ನು ಮತ್ತೆ ಬಗ್ಗಿಸಿದಳು. ಕಿವಿಯ ಹಿಂದೆ ದಪ್ಪನೆಯ ಹೇನೊಂದು ಹರಿಯುತ್ತಿತ್ತು. ಹಿಡಿದು, ಹೆಬ್ಬೆರಳಿನ ಉಗುರಿನ ಮೇಲಿಟ್ಟು, ಚಟ್ಟನೆ ಕುಕ್ಕಿದಳು.