ಬೆಲಾಯಿದನ ಹೆಸರಿನಲ್ಲಿ

"ಒಂದೊಂದು ಗುಟುಕು ಕುಡೀರೇ. ಆಮೇಲೆ ಕೇಕೆಯ ಬದಲು ಕೆಮ್ಮು ಬಂದೀತು," ಎನ್ನುತ್ತ ನೆರೆಮನೆಯ ಜೂಹರ್ ನೀರಿನ ತಂಬಿಗೆಯನ್ನು ಹೆಂಗಸರ ನಡುವೆ ದಾಟಿಸುತ್ತಿದ್ದಳು.

ನಡುಮನೆಯಲ್ಲಿ ತಾವೂಸ್ ಬಿಳಿಬಟ್ಟೆಯೊಳಗೆ ಮಲಗಿದ್ದಳು. ಹುತಾತ್ಮನ ಹೆಂಡತಿ. ಅಂಥವಳ ಹೆಣ ಹೊತ್ತ ಜನಾಜಾ ಹೊಸ್ತಿಲು ದಾಟುವಾಗ ನಾಲಿಗೆ ಹೊರಳಿಸಿ ಕೇಕೆ ಹಾಕಿ ಕಳಿಸಬೇಕೇ ಹೊರತು ಅಳುವಂತಿಲ್ಲ.

"ನನ್ನ ಕೈಲಾಗಲ್ಲ ಜೂಹರಕ್ಕ," ಎಂದಳು ಮಗಳು ವರ್ದಿಯಾ.

"ಗಂಡನ ಮೂಳೆ ಎದುರಿಗೆ ನಿಂತು ಕೇಕೆ ಹಾಕಿದ ಗಟ್ಟಿಗಿತ್ತಿ ನಿಮ್ಮವ್ವ. ನೀನು ಅವಳ ಮಗಳೇ ತಾನೇ?"

ವರ್ದಿಯಾ ಮುಖ ತಿರುಗಿಸಿದಳು. ಅರವತ್ತು ದಾಟಿದರೂ ಆ ಮಾತು ಚುಚ್ಚುವುದು ಬಿಟ್ಟಿರಲಿಲ್ಲ.

*

ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಫ್ರೆಂಚರ ವಿರುದ್ಧ ಕಾದಾಡಿ ಸತ್ತವರ ಮೂಳೆಗಳನ್ನು ಗುಡ್ಡಗಳಿಂದ ಆಯ್ದು ತಂದಿದ್ದರು. ಒಂದೊಂದು ಪುಟ್ಟ ಪೆಟ್ಟಿಗೆಗೂ ಬಾವುಟ ಹೊದಿಸಿದ್ದರು. ಅಪ್ಪ ಅರೆಝ್ಕಿಯ ಪೆಟ್ಟಿಗೆ ಬಂದಾಗ ಎಲ್ಲರಿಗಿಂತ ಎತ್ತರಕ್ಕೆ ಏರಿದ್ದು ಅವ್ವನ ಕೇಕೆ. ಪುಟ್ಟ ವರ್ದಿಯಾ ಬೆರಗಿನಿಂದ ನೋಡಿದ್ದಳು.

ಸಂಜೆ ಮೇಕೆಗಳ ಕೋಣೆಯಿಂದ ಅಳು ಕೇಳಿಸಿತು. "ಅಣ್ಣಾ, ಬೆಲಾಯಿದಣ್ಣಾ!" ಹುಲ್ಲಿನ ಮೇಲೆ ಬಿದ್ದು ಅವ್ವ ಹೊರಳಾಡುತ್ತಿದ್ದಳು.

ಬೆಲಾಯಿದ್ ಎರಡನೇ ಮಹಾಯುದ್ಧದಲ್ಲಿ ಅದೇ ಫ್ರೆಂಚರ ಸಮವಸ್ತ್ರ ತೊಟ್ಟು ಇಟಲಿಯಲ್ಲಿ ಸತ್ತವನು. ಅವರೇ ಅವನಿಗೆ ಅಲ್ಲೆಲ್ಲೋ ಕಲ್ಲು ನೆಟ್ಟು, ಒಂದು ಪದಕವನ್ನೂ ಕಳಿಸಿದ್ದರು. ಊರಲ್ಲಿ ಅವನ ಸುದ್ದಿ ಎತ್ತುವವರಿರಲಿಲ್ಲ. ಅಲ್ಲಿಂದಾಚೆ ಪ್ರತಿ ನವೆಂಬರಿನಲ್ಲೂ, ಹೋರಾಟ ಶುರುವಾದ ದಿನ, ಹಾಗೆಯೇ: ಬೆಳಿಗ್ಗೆ ಹುತಾತ್ಮರ ಸ್ಮಶಾನದಲ್ಲಿ ಅಪ್ಪನಿಗೆ ಕೇಕೆ, ಸಂಜೆ ಮೇಕೆಗಳ ನಡುವೆ ಅಣ್ಣನಿಗೆ ಕಣ್ಣೀರು. ಅವ್ವನ ಎದೆಯಲ್ಲಿ ಅಪ್ಪನಿಗೆ ಜಾಗವಿಲ್ಲ ಎಂದು ವರ್ದಿಯಾ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗುವುದನ್ನೂ ಬಿಟ್ಟಳು.

*

"ಅಪ್ಪನಿಗೆ ಅಂತ ಒಂದು ಹನಿ ಹಾಕಲಿಲ್ಲ ಅತ್ತೆ," ಎಂದಳು ಈಗ, ಪಕ್ಕದಲ್ಲಿದ್ದ ಅಪ್ಪನ ತಂಗಿ ಫೆಟ್ಟಾಳಿಗೆ. "ಎಲ್ಲಾ ಆ ಬೆಲಾಯಿದ್ ಮಾವನಿಗೇ ಸುರಿದಳು. ಇವತ್ತು ನಾನು ಯಾಕೆ ಕೇಕೆ ಹಾಕಲಿ, ಯಾಕೆ ಅಳಲಿ?"

ಹಲ್ಲಿಲ್ಲದ ಬಾಯಲ್ಲಿ ಖರ್ಜೂರ ಚೀಪುತ್ತಿದ್ದ ಮುದುಕಿ ತಿರುಗಿ ನೋಡಿದಳು.

"ಯಾವ ಬೆಲಾಯಿದೇ? ಅವನು ಹಡಗು ಹತ್ತಿದಾಗ ನಿಮ್ಮವ್ವ ಇನ್ನೂ ತೊಟ್ಟಿಲಲ್ಲಿದ್ದಳು. ಅವನು ಕಪ್ಪಗಿದ್ದನೋ ಬೆಳ್ಳಗಿದ್ದನೋ, ಅದೂ ಗೊತ್ತಿರಲಿಲ್ಲ ಅವಳಿಗೆ."

"ಮತ್ತೆ?"

"ಮತ್ತೇನು ಮಣ್ಣು! ನಮ್ಮಣ್ಣನ ಹೆಸರು ಹಿಡಿದು ಅತ್ತರೆ ಗಂಡಸರು ಗೋಡೆಯಾಚೆಯಿಂದಲೇ ಗದರೋರು, ಹುತಾತ್ಮನಿಗೆ ಅವಮಾನ ಅಂತ. ಬೆಲಾಯಿದನಿಗೆ ಎಷ್ಟು ಅತ್ತರೂ ಕೇಳೋರಿರಲಿಲ್ಲ, ಪರದೇಶದವರಿಗಾಗಿ ಬಿದ್ದ ಹೆಣ. ಅವಳ ಜೊತೆ ನಾನೂ ಕೂತು 'ಬೆಲಾಯಿದಾ' ಅಂತ ಅತ್ತಿದೀನಿ ಕಣೇ. ನನಗೆ ಅವನು ಏನಾಗಬೇಕು, ಹೇಳು!"

ವರ್ದಿಯಾ ಮುಂದಕ್ಕೆ ಸರಿದಳು. ಬಿಳಿಬಟ್ಟೆಯ ಮೇಲಿಂದಲೇ ಅವ್ವನ ಪಾದ ಹಿಡಿದುಕೊಂಡಳು. ಅಷ್ಟರಲ್ಲಿ ಗಂಡಸರು ಒಳಗೆ ಬಂದರು.

ಜನಾಜಾ ಹೆಗಲೇರಿತು. ಜೂಹರಳ ಕೇಕೆ ಎದ್ದಿತು. ಹಿಂದೆಯೇ ಹತ್ತಾರು ಕೇಕೆಗಳು. ವರ್ದಿಯಾ ಬಾಯಿ ತೆರೆದಳು.

"ಅವ್ವಾ!"

ಯಾರ ಹೆಸರನ್ನೂ ಎರವಲು ಪಡೆಯದ ಅಳು, ಒರಟಾಗಿ, ಮನೆ ತುಂಬ. ಜೂಹರಳ ನಾಲಿಗೆ ಅರ್ಧಕ್ಕೇ ನಿಂತಿತು. ಒಂದೊಂದಾಗಿ ಕೇಕೆಗಳು ಮುರಿದುಬಿದ್ದವು. ಮುಂದೆ ಹೆಗಲು ಕೊಟ್ಟಿದ್ದವನು ಹೊಸ್ತಿಲಾಚೆ ಕಾಲಿಡಲೋ ಬೇಡವೋ ಎಂದು ಹಿಂತಿರುಗಿ ನೋಡಿದ.

"ಸ್ವಲ್ಪ ತಡೀರೋ," ಎಂದಳು ಫೆಟ್ಟಾ.

ಗಂಡಸರು ತಲೆ ತಗ್ಗಿಸಿ, ತಾವೂಸಳ ಭಾರವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಬಾಗಿಲಲ್ಲೇ ನಿಂತರು.